ಮೆಟ್ಟಿಲ ಕೆಳಗಿನ ಎರಡು ಮೀಟರ್

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ನಮ್ಮನೆ ಮೆಟ್ಟಿಲ ಕೆಳಗಿನ ಜಾಗ. ಎಡಗಡೆ ಅಪ್ಪನ ಚಪ್ಪಲಿ ಸ್ಟ್ಯಾಂಡ್, ಮೂಲೆಯಲ್ಲಿ ಕಡ್ಡಿ ಮುರಿದ ಛತ್ರಿ, ಗೋಡೆ ಮೇಲೆ ಎರಡು ಕರೆಂಟ್ ಮೀಟರ್. ಹಳದಿಗೆ ತಿರುಗಿರುವುದು ಕೆಳಗಿನ ಮನೆಯದು, ಅಪ್ಪನ ಹೆಸರಲ್ಲಿದೆ. ಬೆಳ್ಳಗೆ ಹೊಳೆಯುತ್ತಿರುವುದು ಮಹಡಿ ಮನೆಯದು, ನನ್ನ ಹೆಸರಲ್ಲಿದೆ. ಅದೇ ಸ್ಮಾರ್ಟ್ ಮೀಟರ್. ಎರಡರಲ್ಲೂ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿದೆ ನೋಡಿ. ಆ ದೀಪವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕಳೆದ ವಿಡಿಯೋದಲ್ಲಿ ಮಹಡಿ ಮನೆ ತೋರಿಸಿದಾಗ ಕಾಮೆಂಟಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಟೈಲ್ಸ್ ಎಲ್ಲಿ ತಂದ್ರಿ ಅಂತ ಒಬ್ಬರೂ ಕೇಳಲಿಲ್ಲ. ಸ್ಮಾರ್ಟ್ ಮೀಟರ್ ಹಾಕಿಸಿದ್ರಲ್ಲ, ಲಾಭ ಇದೆಯಾ? ಜೋರಾಗಿ ಓಡುತ್ತಾ? ಸರಿ, ಇವತ್ತು ಅದೇ ಮಾತಾಡೋಣ.

ಮೊದಲೇ ಹೇಳಿಬಿಡುತ್ತೇನೆ, ನಾನು ಅದನ್ನು ಇಷ್ಟಪಟ್ಟು ಹಾಕಿಸಿದ್ದಲ್ಲ. 2025ರಲ್ಲಿ ಬೆಸ್ಕಾಂ ವ್ಯಾಪ್ತಿಯಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಅಂತಾಯಿತು. ಸಿಂಗಲ್ ಫೇಸ್ ಮೀಟರ್‌ಗೆ ನಿಗದಿಯಾದ ಬೆಲೆ 4,998 ರೂಪಾಯಿ. ಅದಕ್ಕೂ ಮುಂಚೆ ಮಾಮೂಲಿ ಮೀಟರ್ ಸಾವಿರ ರೂಪಾಯಿಯೊಳಗೆ ಸಿಗುತ್ತಿತ್ತು. ಈ ಬೆಲೆಯ ವಿಷಯ ವಿಧಾನಸಭೆಯಲ್ಲೂ ಗಲಾಟೆಯಾಯಿತು, ಹೈಕೋರ್ಟಿಗೂ ಹೋಯಿತು. ನನಗೆ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು. ಕೋರ್ಟು ಏನು ಹೇಳುತ್ತದೆ ಅಂತ ಕಾಯುತ್ತಾ ಕೂತರೆ ದೀಪದ ಕಂಬದ ಬೆಳಕಲ್ಲೇ ಹಾಲು ಉಕ್ಕಿಸಬೇಕಿತ್ತು. ದುಡ್ಡು ಕಟ್ಟಿದೆ.

ಏನು ಬಂತು ಅಂದರೆ, ಒಳಗೆ ಒಂದು ಸಿಮ್ ಇರುವ ಮೀಟರ್. ಪ್ರತಿ ಅರ್ಧ ಗಂಟೆಯಲ್ಲಿ ಎಷ್ಟು ಯೂನಿಟ್ ಉರಿಯಿತು ಅಂತ ಬರೆದಿಟ್ಟುಕೊಂಡು, ಮೊಬೈಲ್ ನೆಟ್‌ವರ್ಕ್ ಮೂಲಕ ಕಳಿಸುತ್ತದೆ. ಆ್ಯಪ್ ತೆರೆದರೆ ನಮಗೂ ಕಾಣುತ್ತದೆ. ಬಿಲ್ ಬರೆಯುವವರು ಮಹಡಿ ಲೆಕ್ಕಕ್ಕೆ ಬರುವ ಅಗತ್ಯ ಇಲ್ಲ. ಕೆಳಗಿನ ಮೀಟರ್‌ಗೆ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ, ಕೈಯಲ್ಲಿರೋ ಮಷೀನಿನಿಂದ ಕರ್ ಅಂತ ಚೀಟಿ ಹರಿದು ಕೊಡುತ್ತಾರೆ, ಅಮ್ಮ ಮಜ್ಜಿಗೆ ಕೊಡುತ್ತಾರೆ. ಸ್ಮಾರ್ಟ್ ಮೀಟರ್‌ಗೆ ಮಜ್ಜಿಗೆ ಬೇಕಾಗಿಲ್ಲ.

ಇದರೊಳಗೆ ಇನ್ನೊಂದು ವಸ್ತು ಇದೆ, ರಿಲೇ ಅಂತ. ದೂರದಿಂದಲೇ ಕರೆಂಟ್ ಕಡಿಯುವ ಸ್ವಿಚ್ ಅದು. ಬಿಲ್ ಕಟ್ಟದಿದ್ದರೆ ಲೈನ್‌ಮ್ಯಾನ್ ಏಣಿ ತಗೊಂಡು ಬರಬೇಕಿಲ್ಲ. ಜನಕ್ಕೆ ಭಯ ಇರುವುದು ಇದೇ ಜಾಗದಲ್ಲಿ. 2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರಾದಲ್ಲಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಬೇಡ ಅಂತ ಜನ ಬೀದಿಗೆ ಇಳಿದಿದ್ದರು. ಹಾಕಿಸಿದ ರೀಚಾರ್ಜ್ ನೋಡನೋಡುತ್ತಲೇ ಕರಗಿ ಹೋಗುತ್ತಿದೆ ಅನ್ನುವುದು ಅವರ ದೂರು. ನಮ್ಮದು ಪೋಸ್ಟ್‌ಪೇಯ್ಡ್, ಉರಿಸಿ ಆಮೇಲೆ ಕಟ್ಟುವುದು. ಪ್ರೀಪೇಯ್ಡ್ ಆಗಿದ್ದರೆ ಈ ವಿಡಿಯೋದ ದನಿಯೇ ಬೇರೆ ಇರುತ್ತಿತ್ತು.

ಜೋರಾಗಿ ಓಡುತ್ತಾ ಅನ್ನುವುದನ್ನು ನಾನೇ ನೋಡಿಬಿಟ್ಟೆ. ಆ ಕೆಂಪು ದೀಪದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 3200 ಇಂಪಲ್ಸ್ ಅಂತ ಇದೆ. ಅಂದರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಲೆಕ್ಕ ಸುಲಭ. ಒಂದು ನಿಮಿಷದಲ್ಲಿ ಎಷ್ಟು ಸಲ ಮಿಣುಕಿತೋ ಅದನ್ನು 18.75ರಿಂದ ಗುಣಿಸಿ, ಆ ಕ್ಷಣಕ್ಕೆ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಮೀಟರಲ್ಲಿ 1600 ಅಂತ ಇದ್ದರೆ 37.5ರಿಂದ ಗುಣಿಸಿ. ನಮ್ಮ ಎರಡು ಮೀಟರಲ್ಲೂ 3200 ಇತ್ತು, ಅದೃಷ್ಟ.

ಒಂದು ಎಲೆಕ್ಟ್ರಿಕ್ ಕೆಟಲ್ ತಗೊಂಡೆ, 1500 ವ್ಯಾಟ್‌ನದು. ಕೆಳಗಿನ ಮನೆಯಲ್ಲಿ ಉಳಿದ ಎಂಸಿಬಿ, ಅಂದರೆ ಮೇನ್ ಬೋರ್ಡಿನ ಸ್ವಿಚ್ಚೆಲ್ಲ ಇಳಿಸಿ, ಕೆಟಲ್ ಒಂದನ್ನೇ ಹಚ್ಚಿ, ಮೊಬೈಲಲ್ಲಿ ದೀಪದ ವಿಡಿಯೋ ಮಾಡಿದೆ. ನಿಮಿಷಕ್ಕೆ 77. ಅದೇ ಕೆಟಲ್ ಮೇಲೆ ತಗೊಂಡು ಹೋಗಿ ಅದೇ ಥರ ಮಾಡಿದೆ. 76. ವೋಲ್ಟೇಜ್ ಒಂದಿಷ್ಟು ಆಚೀಚೆ ಆದರೂ ಅಷ್ಟು ವ್ಯತ್ಯಾಸ ಬರುತ್ತದೆ. ನಮ್ಮ ಸ್ಮಾರ್ಟ್ ಮೀಟರ್ ಜೋರಾಗಿಯೂ ಓಡುತ್ತಿಲ್ಲ, ನಿಧಾನಕ್ಕೂ ಇಲ್ಲ. ಆದರೆ ತಟ್ಟೆ ತಿರುಗುವ ತೀರಾ ಹಳೇ ಮೀಟರ್ ಇದ್ದವರ ಮಾತು ಬೇರೆ. ಅವು ವಯಸ್ಸಾದಂತೆ ಸೋಮಾರಿ ಆಗುತ್ತವೆ. ಸಣ್ಣ ಬಲ್ಬಿಗೆಲ್ಲ ತಟ್ಟೆ ಅಲುಗುವುದೇ ಇಲ್ಲ. ಅದನ್ನು ಕಿತ್ತು ಯಾವ ಹೊಸ ಮೀಟರ್ ಹಾಕಿದರೂ ಬಿಲ್ ಏರುತ್ತದೆ, ಬೈಗುಳ ಮಾತ್ರ ಹೊಸದಕ್ಕೆ.

ಈಗ ನನ್ನ ಕಥೆಗೆ ಬರುತ್ತೇನೆ.

ಮಹಡಿಗೆ ಬಂದ ಮೇಲೆ ನಮ್ಮ ಬಿಲ್ 228 ಯೂನಿಟ್. ಇಬ್ಬರೇ ಇರುವುದು, ಎಸಿ ಇಲ್ಲ. 228 ಅಂದರೆ ಗೃಹಜ್ಯೋತಿಯೂ ಸಿಗಲ್ಲ, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನನ್ನ ಹೆಂಡತಿ ಗೀಸರ್ ಕಡೆ ಬೆರಳು ತೋರಿಸಿದಳು, ನಾನು ಅವಳ ಹೇರ್ ಡ್ರೈಯರ್ ಕಡೆ ತೋರಿಸಿದೆ. ಒಂದು ವಾರ ಹಾಗೇ ಕಳೆಯಿತು.

ಆಮೇಲೆ ಆ್ಯಪ್‌ನಲ್ಲಿ ಗ್ರಾಫ್ ನೋಡಿದೆ. ನಿನ್ನೆಯ ಲೆಕ್ಕ ಇವತ್ತು ಬರಬೇಕು, ನಮಗೆ ಮೊನ್ನೆಯದ್ದು ಬರುತ್ತಿತ್ತು, ಇರಲಿ. ಬೆಳಗ್ಗೆ ಗೀಸರ್ ಹೊತ್ತಿಗೆ ಒಂದು ಗೋಪುರ, ರಾತ್ರಿ ಅಡುಗೆ ಹೊತ್ತಿಗೆ ಒಂದು ಗುಡ್ಡ. ಅವೆರಡೂ ಗೊತ್ತಿದ್ದದ್ದೇ. ಕಣ್ಣಿಗೆ ಬಿದ್ದದ್ದು ರಾತ್ರಿ ಎರಡರಿಂದ ನಾಲ್ಕು ಗಂಟೆ. ಇಡೀ ಮನೆ ಮಲಗಿರುವಾಗ ಗೆರೆ ನೆಲಕ್ಕೆ ತಾಗಬೇಕಲ್ವಾ? ತಾಗಲ್ಲ. ಪ್ರತಿ ಅರ್ಧ ಗಂಟೆಗೆ 0.08 ಯೂನಿಟ್, ದಿನಾ ರಾತ್ರಿ. ನೋಡೋಕೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅದು 160 ವ್ಯಾಟ್. ದಿನದ ಇಪ್ಪತ್ನಾಲ್ಕು ಗಂಟೆ ಉರಿದರೆ ದಿನಕ್ಕೆ ಹತ್ತಿರ ಹತ್ತಿರ 4 ಯೂನಿಟ್. ಗೀಸರಲ್ಲಿ ಒಂದು ಸ್ನಾನದ ನೀರು ಕಾಯಿಸೋಕೆ ಅರ್ಧದಿಂದ ಮುಕ್ಕಾಲು ಯೂನಿಟ್ ಸಾಕು. ಅಂದರೆ ನಾವು ಮಲಗಿದ್ದರೂ ಎದ್ದಿದ್ದರೂ ಯಾರೋ ನಮ್ಮನೆಯಲ್ಲಿ ದಿನಕ್ಕೆ ಆರು ಸ್ನಾನ ಮಾಡುತ್ತಿದ್ದರು.

ಆ್ಯಪ್ ಅಷ್ಟು ಹೇಳಿ ಸುಮ್ಮನಾಯಿತು. ಯಾರು ಅಂತ ಹೇಳಲ್ಲ. ಹೇಳೋಕೂ ಆಗಲ್ಲ, ಮೀಟರ್ ಇರುವುದು ಮೆಟ್ಟಿಲ ಕೆಳಗೆ, ಅದಕ್ಕೆ ಮನೆಯೊಳಗೆ ಯಾವ ಪ್ಲಗ್ ಎಲ್ಲಿದೆ ಅಂತ ಗೊತ್ತಿಲ್ಲ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಇಬ್ಬರೂ ಕೆಲಸಕ್ಕೆ ಇಳಿದೆವು. ಲೈಟು, ಫ್ಯಾನು ಎಲ್ಲ ಆರಿಸಿ, ಅವಳು ಟಾರ್ಚ್ ಹಿಡಿದು ಮೀಟರ್ ಮುಂದೆ ಕೂತಳು. ನಾನು ಮೇಲೆ ಒಂದೊಂದೇ ಎಂಸಿಬಿ ಇಳಿಸುತ್ತಾ ಹೋದೆ. ಫೋನ್ ಸ್ಪೀಕರಲ್ಲಿತ್ತು.

"ಫ್ರಿಜ್ ಆಫ್ ಮಾಡಿದೆ, ಈಗ?"

"ಇನ್ನೂ ಮಿಣುಕ್ತಾ ಇದೆ ರೀ."

"ಹಾಲ್ ಪ್ಲಗ್ ಪಾಯಿಂಟ್?"

"ಮಿಣುಕ್ತಾನೇ ಇದೆ. ಸೊಳ್ಳೆ ಕಚ್ತಿದೆ, ಬೇಗ."

ಕೊನೆಗೆ ಉಳಿದದ್ದು ಒಂದೇ ಎಂಸಿಬಿ. ಪಕ್ಕದಲ್ಲಿ ಎಲೆಕ್ಟ್ರಿಷಿಯನ್ ಪೆನ್ಸಿಲಲ್ಲಿ ಯುಪಿಎಸ್ ಅಂತ ಬರೆದಿದ್ದ. ಅದೊಂದೇ ಆನ್ ಇರುವಾಗ ನಿಮಿಷಕ್ಕೆ ಆರು ಸಲ ಮಿಣುಕು. ಆರು ಅಂದರೆ 112 ವ್ಯಾಟ್, ಗ್ರಾಫಿನ 160ರಲ್ಲಿ ದೊಡ್ಡ ಪಾಲು ಇದೇ. ಅದನ್ನೂ ಇಳಿಸಿದೆ. ಕೆಳಗಿಂದ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ನಿಂತ್ಹೋಯ್ತು" ಅಂದಳು.

ಯುಪಿಎಸ್ ಅಂದರೆ ನಮ್ಮ ಇನ್ವರ್ಟರ್! ಹೊಸದಲ್ಲ, ಕೆಳಗಿನ ಮನೆಯದ್ದನ್ನೇ ಮೇಲೆ ತಂದಿದ್ದೆವು. ಅದರ ಬ್ಯಾಟರಿಗೆ ಏಳು ವರ್ಷ. ಹಳೇ ಬ್ಯಾಟರಿ ಒಳಗೆ ಕೆಟ್ಟಿದ್ದರೆ ಪೂರ್ತಿ ಚಾರ್ಜ್ ಆಗುವುದೇ ಇಲ್ಲ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ, ಚಾರ್ಜರ್ ತುಂಬುತ್ತಲೇ ಇರುತ್ತದೆ, ಅದು ಬಿಸಿಯಾಗಿ ಹೋಗುತ್ತಲೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಮೂರು ವಾರಕ್ಕೊಮ್ಮೆ ಹಾಕಬೇಕಾಗಿ ಬಂದಾಗಲೇ ನನಗೆ ಹೊಳೆಯಬೇಕಿತ್ತು. ತಿಂಗಳಿಗೆ 81 ಯೂನಿಟ್ ಇದೊಂದೇ ತಿನ್ನುತ್ತಿತ್ತು. 2025-26ರ ದರದಲ್ಲಿ, ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅಂದರೆ 470 ರೂಪಾಯಿ.

ಬೆಳಗ್ಗೆ ಅಮ್ಮನಿಗೆ ಜಂಬದಿಂದ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದರು, ತಲೆ ಎತ್ತಲಿಲ್ಲ. "ಅದು ಯಾವಾಗ್ಲೂ ಬಿಸಿ ಇರುತ್ತಲ್ಲೋ. ನಾನು ಇಡ್ಲಿ ಹಿಟ್ಟನ್ನ ರಾತ್ರಿ ಅದರ ಪಕ್ಕದಲ್ಲೇ ಇಡೋದು. ಎಷ್ಟು ಚೆನ್ನಾಗಿ ಉಬ್ಬುತ್ತೆ ಗೊತ್ತಾ?"

ಐದು ಸಾವಿರದ ಮೀಟರ್, ಅದರೊಳಗೊಂದು ಸಿಮ್, ಆ್ಯಪ್, ಗ್ರಾಫ್. ಅಮ್ಮನಿಗೆ ಅಂಗೈ ಸಾಕಾಗಿತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ಹೊಸ ಬ್ಯಾಟರಿ ಹಾಕಿಸಿದೆ. ಮರುತಿಂಗಳು 147 ಯೂನಿಟ್. 200ರ ಒಳಗೆ ಬಂದದ್ದರಿಂದ ಹೊಸ ಮನೆಗೆ ಸಿಗುವ 58 ಯೂನಿಟ್ ಉಚಿತ, ಉಳಿದ 89ಕ್ಕೆ ದುಡ್ಡು. ಮೀಟರ್ ಖರ್ಚು ಒಂದು ವರ್ಷದೊಳಗೆ ವಾಪಸ್ ಬಂತು ಅಂತ ಥಂಬ್‌ನೇಲ್ ಹಾಕಬಹುದಿತ್ತು. ಹಾಕಲ್ಲ. ಯಾಕೆ ಅಂದರೆ ಕಳ್ಳನನ್ನು ಹಿಡಿದದ್ದು ಎಂಸಿಬಿ ಮತ್ತು ಕೆಂಪು ದೀಪ. ಅದೇ ದೀಪ ಅಪ್ಪನ ಹಳೇ ಮೀಟರಲ್ಲೂ ಇದೆ. ಸ್ಮಾರ್ಟ್ ಮೀಟರ್ ಕೊಟ್ಟದ್ದು ಅನುಮಾನ. ಅನುಮಾನಕ್ಕೂ ಬೆಲೆ ಇದೆ, ಇಲ್ಲ ಅನ್ನಲ್ಲ. ಅದು ಇಲ್ಲದಿದ್ದರೆ ನಾವು ಇನ್ನೂ ಗೀಸರ್, ಹೇರ್ ಡ್ರೈಯರ್ ಅಂತ ಜಗಳ ಆಡುತ್ತಿದ್ದೆವು. ಆದರೆ ಆ ಗ್ರಾಫನ್ನು ನಾನು ಆಮೇಲೆ ಎಷ್ಟು ಸಲ ನೋಡಿದೆ ಅಂತ ಕೇಳಬೇಡಿ.

ಅಪ್ಪನ ವಿಧಾನ ಬೇರೆ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತೋರಿಸುತ್ತೇನೆ ನೋಡಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಪ್ರತಿ ಭಾನುವಾರದ ಚೌಕದಲ್ಲಿ ಮೀಟರ್ ರೀಡಿಂಗ್. ಕೆಳಗಿನ ಮನೆಯ 2022-23ರ ಸರಾಸರಿ 160 ಯೂನಿಟ್. ಗೃಹಜ್ಯೋತಿಯಲ್ಲಿ ಅದರ ಮೇಲೆ ಶೇಕಡಾ 10 ಸೇರಿಸಿ 176ರ ತನಕ ಬಿಲ್ ಸೊನ್ನೆ. 177ರಿಂದ 200ರ ತನಕ ಹೆಚ್ಚಾದದ್ದಕ್ಕೆ ಮಾತ್ರ ಕಟ್ಟಬೇಕು. 201 ಆಯಿತೋ, ಎಲ್ಲದಕ್ಕೂ ಕಟ್ಟಬೇಕು, 2025-26ರ ದರದಲ್ಲಿ ಯೂನಿಟ್‌ಗಳ ದುಡ್ಡೇ 1,165 ರೂಪಾಯಿ ದಾಟುತ್ತದೆ, ಮೇಲೆ ನಿಗದಿತ ಶುಲ್ಕ, ತೆರಿಗೆ. ಮೂರನೇ ಭಾನುವಾರ ಅಂಕಿ ಜಾಸ್ತಿ ಕಂಡರೆ ಅಪ್ಪ ಏನೂ ಮಾತಾಡಲ್ಲ. ಹೋಗಿ ಗೀಸರ್ ಸ್ವಿಚ್ ಆರಿಸಿ, ಹಿತ್ತಲಿನ ಹಂಡೆಗೆ ಬೆಂಕಿ ಹಾಕುತ್ತಾರೆ. ಇವರಿಗೆ ಸ್ಮಾರ್ಟ್ ಮೀಟರ್ ಕೊಟ್ಟು ಏನು ಹೇಳಿಕೊಡೋಣ?

ಇದೆಲ್ಲ ಉಪಯೋಗಕ್ಕೇ ಬರದ ವಸ್ತು ಅಂತ ಅಲ್ಲ. ನಮ್ಮ ಚಿಕ್ಕಮ್ಮನ ಮಗಳು ಇಂಗ್ಲೆಂಡಿನ ರೀಡಿಂಗ್ ಅನ್ನುವ ಊರಲ್ಲಿದ್ದಾಳೆ. ಮೀಟರ್ ವಿಡಿಯೋಗೆ ಇದಕ್ಕಿಂತ ಒಳ್ಳೇ ಊರು ಸಿಗಲ್ಲ, ಆದರೆ ಅದನ್ನು ರೆಡಿಂಗ್ ಅನ್ನಬೇಕಂತೆ. ಅವಳ ಅಡುಗೆಮನೆಯಲ್ಲಿ ಪುಟ್ಟ ಪರದೆ ಇದೆ, ಆ ಕ್ಷಣದ ಬಳಕೆಯನ್ನು ಹಸಿರು, ಹಳದಿ, ಕೆಂಪು ಅಂತ ತೋರಿಸುತ್ತದೆ. ಮೀಟರ್‌ಗೆ ಅವಳು ಕೈಯಿಂದ ದುಡ್ಡು ಕೊಟ್ಟಿಲ್ಲ, ಆ ಖರ್ಚು ಗ್ರಾಹಕರೆಲ್ಲರ ಬಿಲ್ಲಲ್ಲಿ ಹಂಚಿಹೋಗಿರುತ್ತದೆ. ಅಲ್ಲಿ ಒಂದು ಯೂನಿಟ್ಟಿಗೆ ಸುಮಾರು 25 ಪೆನ್ಸ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 30 ರೂಪಾಯಿ. ಆದರೆ ನಡುರಾತ್ರಿ ಕಾರು ಚಾರ್ಜ್ ಮಾಡಿದರೆ ಅವಳಿಗೆ ಅದರ ಮೂರನೇ ಒಂದು ಭಾಗವೂ ಬೀಳಲ್ಲ. ಯಾವ ಹೊತ್ತಿನಲ್ಲಿ ಎಷ್ಟು ಉರಿಸಿದಳು ಅಂತ ಮೀಟರ್‌ಗೆ ಗೊತ್ತಿರುವುದರಿಂದಲೇ ಆ ದರ. ಅವಳ ಮಟ್ಟಿಗೆ ಅದು ಪಕ್ಕಾ ಲಾಭ.

ನಮ್ಮಲ್ಲೂ ಆ ದಾರಿ ಇದೆ. ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ನಿಯಮದ ಪ್ರಕಾರ ಬಿಸಿಲಿರುವ ಹೊತ್ತಿನಲ್ಲಿ ಶೇಕಡಾ 10ರಿಂದ 20ರಷ್ಟು ಕಡಿಮೆ, ಸಂಜೆ ಎಲ್ಲರೂ ಉರಿಸುವ ಹೊತ್ತಿನಲ್ಲಿ ಅಷ್ಟೇ ಜಾಸ್ತಿ. ನನ್ನ ಬಿಲ್ಲಲ್ಲಿ ಮಾತ್ರ ಇವತ್ತಿಗೂ ಬೆಳಗಿನ ಯೂನಿಟ್ಟಿಗೂ ರಾತ್ರಿಯ ಯೂನಿಟ್ಟಿಗೂ ಒಂದೇ ರೇಟು. ಹೊತ್ತು ಗೊತ್ತಿರುವ ಮೀಟರ್ ಇದೆ, ಹೊತ್ತು ಗೊತ್ತಿಲ್ಲದ ಬಿಲ್ ಬರುತ್ತದೆ. ಮಧ್ಯಾಹ್ನ ಮೋಟಾರ್ ಹಾಕಿದರೆ ದುಡ್ಡು ಉಳಿಯುತ್ತದೆ ಅನ್ನುವ ದಿನ ಬಂದರೆ ನಾನೇ ಇನ್ನೊಂದು ವಿಡಿಯೋ ಮಾಡುತ್ತೇನೆ.

ಇನ್ನೊಂದು ವಿಷಯ ಇದೆ, ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. ಇಬ್ಬರೂ ಎರಡು ದಿನ ಧರ್ಮಸ್ಥಳಕ್ಕೆ ಹೋಗಿದ್ದೆವು. ವಾಪಸ್ ಬಂದು ಗ್ರಾಫ್ ನೋಡಿದರೆ ಆ ಎರಡು ದಿನ ಚಾಪೆ ಹಾಸಿದ ಹಾಗೆ ಮಟ್ಟಸ. ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೇ ಇತ್ತು. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಇದೇ ಕಾರಣಕ್ಕೆ, ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಯನ್ನು ಮೇಲ್ಮನೆ ಒಪ್ಪಲಿಲ್ಲ. ನಮಗೆ ಅದು ತಲೆಗೇ ಹೋಗಿರುವುದಿಲ್ಲ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವ ಜನ ನಾವು.

ಹಾಗಾದರೆ ಹಾಕಿಸಬೇಕಾ? ಹೊಸ ಮನೆಯಾದರೆ ನಿಮ್ಮನ್ನು ಯಾರೂ ಕೇಳಲ್ಲ, ಹಾಕಿಸಿ. ತಾರಸಿ ಮೇಲೆ ಸೋಲಾರ್ ಇದ್ದರೆ, ಮನೆ ಬಾಡಿಗೆಗೆ ಕೊಟ್ಟು ನೀವು ಬೇರೆ ಊರಲ್ಲಿದ್ದರೆ, ಕೆಲಸಕ್ಕೆ ಬರುತ್ತದೆ. ಪೋಸ್ಟ್‌ಪೇಯ್ಡ್ ಆಗಿ, ಬಿಟ್ಟಿ ಹಾಕಿಕೊಡುತ್ತೇವೆ ಅಂದರೆ ನಾನು ಬೇಡ ಅನ್ನಲ್ಲ. ಆದರೆ ಚೆನ್ನಾಗಿ ಓಡುತ್ತಿರುವ ಅಪ್ಪನ ಮೀಟರ್ ಕಿತ್ತು, ಐದು ಸಾವಿರ ಕೊಡಿ ಅಂದರೆ, ಇಲ್ಲ. ಆ ದುಡ್ಡಿಗೆ ಎರಡು ಹಳೇ ಫ್ಯಾನ್ ತೆಗೆದು ಬಿಎಲ್‌ಡಿಸಿ ಫ್ಯಾನ್ ಹಾಕಿಸುತ್ತೇನೆ. 75 ವ್ಯಾಟ್ ತಿನ್ನುವ ಜಾಗದಲ್ಲಿ 30 ವ್ಯಾಟ್ ಸಾಕು, ಅದಕ್ಕೆ ಆ್ಯಪ್ ಬೇಡ.

ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮ ಮೀಟರ್ ಮುಂದೆ ಒಂದು ನಿಮಿಷ ನಿಂತು ಎಣಿಸಿ. ಎಷ್ಟು ಬಂತು ಅಂತ ಕೆಳಗೆ ಹಾಕಿ.

ಅಂದಹಾಗೆ, ಬ್ಯಾಟರಿ ಬದಲಾಯಿಸಿದ್ದು ನವೆಂಬರ್ ಕೊನೆಯಲ್ಲಿ. ಡಿಸೆಂಬರ್ ಚಳಿಗೆ ಅಮ್ಮ ಎಂದಿನಂತೆ ಹಿಟ್ಟಿನ ಪಾತ್ರೆ ತಂದು ಇನ್ವರ್ಟರ್ ಪಕ್ಕ ಇಟ್ಟರು. ಬೆಳಗ್ಗೆ ಹಿಟ್ಟು ಇಟ್ಟಷ್ಟೇ ಇತ್ತು. ಆವತ್ತಿನ ಇಡ್ಲಿಯನ್ನು ಕ್ಯಾಮೆರಾಗೆ ತೋರಿಸಬೇಡ ಅಂದಿದ್ದಾರೆ.