ಗಿರಾಕಿ ಕೇಳಿದ ಪ್ರಶ್ನೆ, ಮೈಕಿಗೆ ಹೇಳಿದ ಉತ್ತರ

ನಮಸ್ಕಾರ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಪುಟ್ಟ ಅಂಗಡಿ, ನಾನು ಮತ್ತು ಒಬ್ಬ ಸಹಾಯಕ, ಅಷ್ಟೇ. ಎರಡು ವರ್ಷದಿಂದ ಒಂದು ಪಾಡ್‌ಕಾಸ್ಟ್ ಕೂಡ ಮಾಡುತ್ತಿದ್ದೇನೆ, ಅಂದರೆ ಮೊಬೈಲಿನಲ್ಲಿ ಬೇಕಾದಾಗ ಕೇಳಬಹುದಾದ, ಕಂತು ಕಂತಾಗಿ ಬರುವ ಮಾತಿನ ಕಾರ್ಯಕ್ರಮ. ಇವತ್ತು ಅದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ನಿಮ್ಮದು ಬೇರೆ ಕೆಲಸ ಇರಬಹುದು. ಸೈಕಲ್ ರಿಪೇರಿ, ಲೆಕ್ಕ ಬರೆದುಕೊಡುವುದು, ಗಿಡಗಳ ನರ್ಸರಿ, ಕನ್ನಡಕದ ಅಂಗಡಿ, ಏನೇ ಇರಲಿ. ಕೆಲಸ ಚೆನ್ನಾಗಿ ಗೊತ್ತಿದೆ, ಜಾಹೀರಾತಿಗೆ ಮಾತ್ರ ದುಡ್ಡಿಲ್ಲ ಅನ್ನುವವರಿಗೆಲ್ಲ ಈ ಮಾತು.

ನನ್ನ ಬಳಿ ಬರುವವರು ಜಾಸ್ತಿ ಕೇಳುವ ಪ್ರಶ್ನೆ ಯಾವುದು ಗೊತ್ತಾ? "ಮೇಲೆ ಹೊಲಿಗೆ ಸರಿಯಾಗಿದೆ, ಬಟ್ಟೆಯ ಕೆಳಗೆ ದಾರ ಗಂಟುಗಂಟಾಗ್ತಿದೆ, ಬಾಬಿನ್ ಕೆಟ್ಟಿದೆಯಾ?" ಬಾಬಿನ್ ಅಂದರೆ ಕೆಳಗಿನ ದಾರ ಸುತ್ತಿರುವ ಪುಟ್ಟ ಉರುಳೆ. ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ. ತಪ್ಪು ಇರುವುದು ಮೇಲಿನ ದಾರದಲ್ಲಿ. ಬಟ್ಟೆ ಒತ್ತಿ ಹಿಡಿಯುವ ಪಾದ ಇದೆಯಲ್ಲ, ಅದು ಕೆಳಗಿದ್ದಾಗ ದಾರ ಪೋಣಿಸಿದರೆ, ದಾರವನ್ನು ಬಿಗಿಹಿಡಿಯಬೇಕಾದ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಹೋಗಿ ಕೂರುವುದೇ ಇಲ್ಲ. ಪಾದ ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿ. ಎಷ್ಟೋ ಯಂತ್ರಗಳು ಅಷ್ಟಕ್ಕೇ ಸರಿಹೋಗುತ್ತವೆ.

ಈ ಮಾತನ್ನು ಕೌಂಟರಿನ ಹಿಂದೆ ನಿಂತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪಾಡ್‌ಕಾಸ್ಟ್ ಶುರು ಮಾಡಿದಾಗ ಮಾತ್ರ ಇದು ನೆನಪಾಗಲಿಲ್ಲ. ಮೊದಲ ಕಂತಿನಲ್ಲಿ ಅಂಗಡಿಯ ಬಗ್ಗೆಯೇ ಹೇಳಿದೆ. ಯಾವಾಗ ಶುರುವಾಯಿತು, ಏನೇನು ಮಾಡಿಕೊಡುತ್ತೇವೆ, ಎಷ್ಟು ಹೊತ್ತು ತೆರೆದಿರುತ್ತದೆ. ಕೇಳಿದವರು ಮನೆಯವರು, ಇಬ್ಬರು ಗೆಳತಿಯರು. ಎರಡನೆಯ ಕಂತಿನಲ್ಲಿ ಈ ದಾರದ ಗಂಟಿನ ವಿಷಯ ಹೇಳಿದೆ. ಏಳೇ ನಿಮಿಷ. ಅದನ್ನು ಒಬ್ಬರು ಇನ್ನೊಬ್ಬರಿಗೆ ಕಳಿಸಿದರು, ಅವರು ಮತ್ತೊಬ್ಬರಿಗೆ ಕಳಿಸಿದರು. ಇವತ್ತಿಗೂ ಜನ ಅದನ್ನೇ ಹುಡುಕಿಕೊಂಡು ಬಂದು ಕೇಳುತ್ತಾರೆ.

ಆಗ ಅಕ್ಕ ಒಂದು ಮಾತು ಕೇಳಿದಳು. "ಎಲ್ಲವನ್ನೂ ನೀನೇ ಹೇಳಿಕೊಟ್ಟುಬಿಟ್ಟರೆ ಅಂಗಡಿಗೆ ಯಾರು ಬರ್ತಾರೆ?" ಈ ಭಯ ನಿಮಗೂ ಇರುತ್ತದೆ. ನನಗೂ ಇತ್ತು. ಆದರೆ ಸ್ವಲ್ಪ ಯೋಚನೆ ಮಾಡಿ ನೋಡಿ. ದಾರ ಸರಿಯಾಗಿ ಪೋಣಿಸುವುದರಿಂದ ನನಗೆ ಎಂಥ ಸಂಪಾದನೆ? ಯಂತ್ರದ ಟೈಮಿಂಗ್ ತಪ್ಪಿದಾಗ, ಅಂದರೆ ಸೂಜಿ ಕೆಳಗೆ ಬಂದ ಹೊತ್ತಿಗೆ ಸರಿಯಾಗಿ ಹುಕ್ ಬಂದು ದಾರ ಹಿಡಿಯದೇ ಹೋದಾಗ, ಅದನ್ನು ಕೇಳಿಕೊಂಡು ಮನೆಯಲ್ಲಿ ಸರಿ ಮಾಡುವುದು ಬಹಳ ಜನಕ್ಕೆ ಆಗುವುದಿಲ್ಲ. ಅದಕ್ಕೆ ಕೈ ಪಳಗಿರಬೇಕು. ಆಗ ಅವರು ಯಾರ ಬಳಿ ಹೋಗುತ್ತಾರೆ? ಸಣ್ಣ ತೊಂದರೆ ಬಂದಾಗ ದುಡ್ಡು ಕೇಳದೆ ದಾರಿ ಹೇಳಿಕೊಟ್ಟವರ ಬಳಿ. ನಾನು ಕಂಡಂತೆ ಹಾಗೇ ಆಗಿದೆ. ಅದಕ್ಕೇ ನನ್ನ ಸಲಹೆ, ಅರ್ಧ ಹೇಳಿ ಅರ್ಧ ಮುಚ್ಚಿಡಬೇಡಿ. ಉಳಿದದ್ದಕ್ಕೆ ಅಂಗಡಿಗೆ ಬನ್ನಿ ಅಂತ ಎಳೆದರೆ ಕೇಳುಗರಿಗೆ ಕೂಡಲೇ ಗೊತ್ತಾಗುತ್ತದೆ, ಬೇಸರವೂ ಆಗುತ್ತದೆ.

ಇದನ್ನು ಬರೆದು ಹಾಕಬಹುದಿತ್ತಲ್ಲ, ವಿಡಿಯೋ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಮಾಡಬಹುದು. ಕೈಯಲ್ಲಿ ಮಾಡಿ ತೋರಿಸುವ ಕೆಲಸಕ್ಕೆ ವಿಡಿಯೋವೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಗಿರಾಕಿಗಳ ಕಣ್ಣು ಮತ್ತು ಕೈ ಎರಡೂ ಹೊಲಿಗೆಯಲ್ಲಿರುತ್ತವೆ. ಖಾಲಿ ಇರುವುದು ಕಿವಿ ಒಂದೇ. ಗಾಡಿ ಓಡಿಸುವವರು, ಪಾತ್ರೆ ತೊಳೆಯುವವರು, ನಡೆಯಲು ಹೋದವರು ಎಲ್ಲರೂ ಹಾಗೇ. ಇನ್ನೊಂದು ವಿಷಯ. ಒಬ್ಬರ ದನಿಯನ್ನು ವಾರ ವಾರ ಕೇಳುತ್ತಾ ಇದ್ದರೆ ಅವರು ಪರಿಚಯದವರ ಹಾಗೆ ಆಗಿಬಿಡುತ್ತಾರೆ. ರೇಡಿಯೋ ಕೇಳುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮೊದಲ ಸಲ ಅಂಗಡಿಗೆ ಬಂದವರು "ನಿಮ್ಮ ದನಿ ಗೊತ್ತು" ಅಂತ ಮಾತು ಶುರು ಮಾಡುತ್ತಾರೆ. ಅಲ್ಲಿಗೆ ಅರ್ಧ ಕೆಲಸ ಮುಗಿದಿರುತ್ತದೆ.

ಈ ಪಾಡ್‌ಕಾಸ್ಟ್ ಅನ್ನುವ ಹೆಸರು ಹುಟ್ಟಿದ್ದು 2004ರ ಫೆಬ್ರವರಿಯಲ್ಲಿ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್ಲಿ ಅನ್ನುವ ಪತ್ರಕರ್ತರು ಆಪಲ್ ಕಂಪನಿಯ ಹಾಡು ಕೇಳುವ ಪುಟ್ಟ ಸಾಧನ ಐಪಾಡ್, ಪ್ರಸಾರ ಅನ್ನುವ ಅರ್ಥದ ಬ್ರಾಡ್‌ಕಾಸ್ಟ್, ಈ ಎರಡು ಪದಗಳನ್ನೂ ಸೇರಿಸಿ ಬರೆದಿದ್ದರು. ಮರುವರ್ಷ ಆಪಲ್ ತನ್ನ ಐಟ್ಯೂನ್ಸ್ ಅನ್ನುವ ಹಾಡಿನ ತಂತ್ರಾಂಶಕ್ಕೆ ಪಾಡ್‌ಕಾಸ್ಟ್‌ಗಳನ್ನು ಸೇರಿಸಿತು. ಐಪಾಡ್ ಈಗ ತಯಾರಾಗುವುದೂ ಇಲ್ಲ, ಹೆಸರು ಉಳಿದಿದೆ.

ಹೆಸರಿಗಿಂತ ಅದರ ಒಳಗಿನ ವ್ಯವಸ್ಥೆ ನಿಮಗೆ ಗೊತ್ತಿರಬೇಕು. ನಿಮ್ಮ ಆಡಿಯೋ ಫೈಲು ಯಾವುದೋ ಆ್ಯಪ್‌ನಲ್ಲಿ ಇರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಫೈಲನ್ನು ನೀವು ಒಂದು ಹೋಸ್ಟಿಂಗ್ ಸೇವೆಯಲ್ಲಿ, ಅಂದರೆ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಳ್ಳುವ ಕಂಪನಿಯಲ್ಲಿ, ಇಡುತ್ತೀರಿ. ಅದು ನಿಮ್ಮ ಕಾರ್ಯಕ್ರಮಕ್ಕೆ ಆರ್‌ಎಸ್‌ಎಸ್ ಫೀಡ್ ಅನ್ನುವ ಒಂದು ವಿಳಾಸ ಕೊಡುತ್ತದೆ. ಆ ಫೀಡ್ ಅಂದರೆ ಒಂದು ಪಟ್ಟಿ, ಯಾವ ಕಂತು, ಅದರ ಹೆಸರೇನು, ಫೈಲು ಎಲ್ಲಿದೆ ಅಂತ. ಆಪಲ್, ಸ್ಪಾಟಿಫೈ ಮುಂತಾದ ಕೇಳುವ ಆ್ಯಪ್‌ಗಳಿಗೆ ಆ ವಿಳಾಸವನ್ನು ಒಂದು ಸಲ ಕೊಟ್ಟರೆ ಸಾಕು, ಆಮೇಲೆ ಹೊಸ ಕಂತು ಹಾಕಿದಾಗ ಅವೇ ಬಂದು ನೋಡಿಕೊಂಡು ಹೋಗುತ್ತವೆ. ಇದರಿಂದ ಏನು ಲಾಭ? 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ಮುಚ್ಚಿತು. ಕೇಳುಗರು ಬೇರೆ ಆ್ಯಪ್‌ಗೆ ಹೋದರು, ಕಾರ್ಯಕ್ರಮಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಹಾಗಾಗಿ ಹೋಸ್ಟಿಂಗ್ ಆರಿಸುವಾಗ ಒಂದು ಪ್ರಶ್ನೆ ಕೇಳಿಯೇ ಕೇಳಿ. ನಾಳೆ ನಾನು ಬೇರೆ ಕಡೆ ಹೋಗಬೇಕೆಂದರೆ ಹಳೆಯ ಫೀಡನ್ನು ಹೊಸ ವಿಳಾಸಕ್ಕೆ ತಿರುಗಿಸಿಕೊಡುತ್ತೀರಾ? ಇಲ್ಲ ಅಂದರೆ ಅಲ್ಲಿಗೆ ಹೋಗಬೇಡಿ.

ಇನ್ನು ರೆಕಾರ್ಡಿಂಗ್. ದುಬಾರಿ ಮೈಕ್ ಬೇಡ, ಶುರುವಿಗೆ ಮೊಬೈಲೇ ಸಾಕು. ಮೈಕಿಗಿಂತ ಕೋಣೆ ಮುಖ್ಯ. ಖಾಲಿ ಗೋಡೆಯ ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಆಮೇಲೆ ಅದನ್ನು ತೆಗೆಯುವುದು ಕಷ್ಟ. ನಾನು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಮುಂದೆ ಕೂತು ಮಾತಾಡುತ್ತೇನೆ. ಬಟ್ಟೆ ಪ್ರತಿಧ್ವನಿಯನ್ನು ನುಂಗಿಕೊಳ್ಳುತ್ತದೆ. ಬಾಯಿಗೂ ಮೈಕಿಗೂ ಹೆಚ್ಚೆಂದರೆ ಒಂದು ಗೇಣು. ಮೈಕ್ ಬಾಯಿಗೆ ನೇರ ಇರದೆ ಸ್ವಲ್ಪ ಪಕ್ಕಕ್ಕಿರಲಿ, ಇಲ್ಲದಿದ್ದರೆ ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಹೋಗಿ ಮೈಕಿಗೆ ಬಡಿಯುತ್ತದೆ. ಫ್ಯಾನ್ ಆರಿಸಿ. ಮಾತು ಶುರು ಮಾಡುವ ಮೊದಲು ಹತ್ತು ಸೆಕೆಂಡು ಸುಮ್ನೆ ಕೂತು ಆ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಿ. ಆಡಾಸಿಟಿ ಅನ್ನುವ ಉಚಿತ ತಂತ್ರಾಂಶಕ್ಕೆ ಆ ತುಣುಕನ್ನು ತೋರಿಸಿದರೆ, ಇದೇ ಗದ್ದಲ ಅಂತ ಗುರುತು ಹಿಡಿದು ಉಳಿದ ಕಡೆಯಲ್ಲೂ ಅದನ್ನು ಕಡಿಮೆ ಮಾಡುತ್ತದೆ. ಬರೀ ಮಾತಾದರೆ ಮೊನೊ, ಅಂದರೆ ಎಡ ಬಲ ಅಂತ ಬೇರೆ ಮಾಡದ, ಎಂಪಿ3 ಫೈಲು ಸಾಕು. 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಉಳಿಸಿದರೆ 20 ನಿಮಿಷದ ಕಂತು ಸುಮಾರು 10 ಎಂಬಿ ಆಗುತ್ತದೆ, ಕೇಳುವವರ ಡೇಟಾ ಉಳಿಯುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ, ಅದರ ಹಕ್ಕು ಬೇರೆಯವರದು.

ಕಂತಿಗೆ ಹೆಸರಿಡುವುದರಲ್ಲಿ ಬಹಳ ಜನ ಎಡವುತ್ತಾರೆ. "ಕಂತು 12, ಕೆಲವು ಅನಿಸಿಕೆಗಳು" ಅಂತ ಇಟ್ಟರೆ ಯಾರು ಹುಡುಕುತ್ತಾರೆ? "ಸೂಜಿ ಪದೇ ಪದೇ ಮುರಿಯುವುದೇಕೆ" ಅಂತ ಇಡಿ. ಗಿರಾಕಿ ಬಾಯಲ್ಲಿ ಬಂದ ಮಾತೇ ಹೆಸರಾಗಲಿ. ಕಂತಿನ ಜೊತೆ ನಾಲ್ಕು ಸಾಲು ವಿವರವನ್ನೂ ಬರೆಯಿರಿ, ಅಂಗಡಿಯ ಹೆಸರು, ಫೋನ್ ನಂಬರು ಅಲ್ಲಿರಲಿ. ಮಾತಿನ ನಡುವೆ ನಂಬರು ಹೇಳಿದರೆ ಗಾಡಿ ಓಡಿಸುವವರು ಬರೆದುಕೊಳ್ಳಲು ಆಗುವುದಿಲ್ಲ. ಕೊನೆಯಲ್ಲಿ ಒಂದೇ ವಾಕ್ಯದಲ್ಲಿ, ನಾನು ಇಂಥವಳು, ಇಂಥ ಕೆಲಸ ಮಾಡುತ್ತೇನೆ ಅಂತ ಹೇಳಿದರೆ ಸಾಕು.

ಎಷ್ಟು ದಿನಕ್ಕೊಂದು ಕಂತು? ನಿಮಗೆ ನಡೆಸಿಕೊಂಡು ಹೋಗಲು ಆಗುವಷ್ಟು. ನಾನು ವಾರಕ್ಕೊಂದು ಅಂತ ಹೊರಟು, ಕೆಲಸ ಜಾಸ್ತಿಯಾದ ತಿಂಗಳಲ್ಲಿ ಕೈಬಿಟ್ಟೆ. ಈಗ ಹದಿನೈದು ದಿನಕ್ಕೊಂದು. ಪುರುಸೊತ್ತಿರುವ ದಿನ ಮೂರು ಕಂತು ಒಟ್ಟಿಗೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತೇನೆ. ಕೌಂಟರಿನ ಪಕ್ಕ ಒಂದು ನೋಟ್‌ಬುಕ್ ಇದೆ, ಬಂದವರು ಏನು ಕೇಳಿದರು ಅಂತ ಬರೆದಿಡುತ್ತೇನೆ. ಹಾಗಾಗಿ ವಿಷಯಕ್ಕೆ ಬರ ಬಂದಿಲ್ಲ.

ಡೌನ್‌ಲೋಡ್ ಸಂಖ್ಯೆ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಡೌನ್‌ಲೋಡ್ ಆದದ್ದನ್ನೆಲ್ಲ ಜನ ಕೇಳಿರುವುದಿಲ್ಲ, ಎಷ್ಟೋ ಆ್ಯಪ್‌ಗಳು ತಾವಾಗಿಯೇ ಇಳಿಸಿಕೊಂಡಿರುತ್ತವೆ. ಸಾವಿರ ಜನ ಕೇಳಿ ಯಾರೂ ಬರದೇ ಇರಬಹುದು, ನಲವತ್ತು ಜನ ಕೇಳಿ ಐವರು ಬರಬಹುದು. ಹೊಸಬರು ಬಂದಾಗ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು" ಅಂತ ಕೇಳಿ, ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ನನಗೆ ಅದಕ್ಕಿಂತ ಒಳ್ಳೆಯ ಲೆಕ್ಕ ಸಿಕ್ಕಿಲ್ಲ.

ನಾನು ಅಂದುಕೊಳ್ಳದೇ ಇದ್ದದ್ದು ಒಂದು ಆಯಿತು. ನನ್ನ ಕೆಲಸದಲ್ಲಿ ಶಬ್ದವೇ ಅರ್ಧ ರೋಗ ಹೇಳುತ್ತದೆ. ಎಣ್ಣೆ ಆರಿದ ಯಂತ್ರದ್ದು ಒಂದು ಸದ್ದು, ಸೂಜಿ ಬಾಗಿ ತಗಡಿಗೆ ತಾಗುತ್ತಿದ್ದರೆ ಇನ್ನೊಂದು ಸದ್ದು. ಒಂದು ಕಂತಿನಲ್ಲಿ ಇವೆರಡನ್ನೂ ಅಂಗಡಿಯಲ್ಲೇ ರೆಕಾರ್ಡ್ ಮಾಡಿ ಕೇಳಿಸಿದೆ. ಅದಾದ ಮೇಲೆ ಕೇಳುಗರು ತಮ್ಮ ಯಂತ್ರದ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕಳಿಸಲು ಶುರು ಮಾಡಿದರು. "ಅಕ್ಕಾ, ಇದೇನು ಸದ್ದು, ಹೇಳಿ" ಅಂತ. ಅವರ ಒಪ್ಪಿಗೆ ಕೇಳಿ ಕೆಲವನ್ನು ಕಂತಿನಲ್ಲಿ ಹಾಕುತ್ತೇನೆ. ನಿನ್ನೆ ಒಂದು ಬಂದಿದೆ. ನಾಲ್ಕು ಹೊಲಿಗೆ ಸರಿಯಾಗಿ ಬೀಳುತ್ತದೆ, ಐದನೆಯದಕ್ಕೆ ಟಕ್ ಅನ್ನುತ್ತದೆ, ಮತ್ತೆ ನಾಲ್ಕು ಸರಿ. ಮೂರು ಸಲ ಕೇಳಿದ್ದೇನೆ, ಇನ್ನೂ ಪೂರ್ತಿ ಗೊತ್ತಾಗಿಲ್ಲ. ಯಂತ್ರವನ್ನು ಶನಿವಾರ ತರುತ್ತೇನೆ ಅಂದಿದ್ದಾರೆ. ಬಿಚ್ಚುವಾಗ ಮೈಕನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.

ನಮಸ್ಕಾರ.