ತರಗೆಲೆಗೆ ಬೆಂಕಿ ಬೇಡ

ಎಲ್ಲರಿಗೂ ನಮಸ್ಕಾರ. ಮೈಸೂರು ವಿಶ್ವವಿದ್ಯಾಲಯದ ಈ ಕ್ಯಾಂಪಸ್ಸನ್ನು ಹಸಿರಾಗಿ ಉಳಿಸಿಕೊಳ್ಳುವುದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ನಾನು ತರಗೆಲೆಯಿಂದ ಶುರು ಮಾಡುತ್ತೇನೆ.

ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಫೆಬ್ರವರಿ ಬಂತೆಂದರೆ ಬೆಳಗ್ಗೆ ಏಳಕ್ಕೆಲ್ಲ ಹೊಗೆ. ಗುಡಿಸಿ ಗುಡ್ಡೆ ಹಾಕಿದ ಎಲೆಗೆ ಬೆಂಕಿ ಇಡುತ್ತಿದ್ದರು. ಒಂದು ದಿನ ತಡೆಯಲಾರದೆ ಗುಡಿಸುವ ಅಕ್ಕನನ್ನು ಕೇಳಿದೆ. 'ಎತ್ತಾಕ್ಕೊಂಡ್ ಹೋಗಕ್ಕೆ ಗಾಡಿ ಬರಲ್ಲ ಸಾರ್. ಇಲ್ಲೇ ಬಿಟ್ರೆ ಬೈತಾರೆ. ಇನ್ನೇನ್ ಮಾಡಾದು?' ಅಂತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆ ಹೊಗೆ ಮೊದಲು ಹೋಗುತ್ತಿದ್ದುದು ಅವರ ಎದೆಗೇ. ಎಲೆ ಹಾಕಲು ಒಂದು ಗುಂಡಿ ತೋರಿಸದ ನಮ್ಮ ತಪ್ಪು ಅದು.

ಅದೇ ಕಾಲೇಜಿನ ಹಾಸ್ಟೆಲ್ ಹಿಂದೆ ಸೊಪ್ಪಿನ ದಂಟು, ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ ಡ್ರಮ್ಮಿನಲ್ಲಿ ನಾರುತ್ತಿತ್ತು. ಎಲೆಯಲ್ಲಿ ಇಂಗಾಲ ಜಾಸ್ತಿ, ಅದೊಂದನ್ನೇ ಬಿಟ್ಟರೆ ಬೇಗ ಕೊಳೆಯುವುದಿಲ್ಲ. ಹಸಿ ಕಸದಲ್ಲಿ ನೀರು, ಸಾರಜನಕ ಜಾಸ್ತಿ, ಅದೊಂದೇ ಇದ್ದರೆ ನಾತ. ಎರಡನ್ನೂ ಸೇರಿಸಿದರೆ ಗೊಬ್ಬರ. ಮೂರು ಬುಟ್ಟಿ ಎಲೆಗೆ ಒಂದು ಬುಟ್ಟಿ ಹಸಿ ಕಸ, ಮೇಲೆ ಒಂದಿಷ್ಟು ಸಗಣಿ ನೀರು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಜಾಸ್ತಿ ಬೇಡ. ರಾಶಿ ಎದೆಮಟ್ಟ ಇದ್ದರೆ ಕೆಲವೇ ದಿನಕ್ಕೆ ಒಳಗೆ ಕೈ ಇಡಲಾರದಷ್ಟು ಬಿಸಿಯಾಗುತ್ತದೆ. ಅದು ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ದುಡಿಯುತ್ತಿರುವ ಬಿಸಿ. ವಾರಕ್ಕೊಮ್ಮೆ ಮಗುಚಿದರೆ ಮೂರ್ನಾಲ್ಕು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ ಕೈಗೆ ಬರುತ್ತದೆ.

ಈ ಗೊಬ್ಬರ ಬಿದ್ದ ಮಣ್ಣು ಮಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಗಿಡಕ್ಕೆ ಹಾಯಿಸುವ ನೀರು ಉಳಿಯುತ್ತದೆ. ಆ ನೀರೇನು ಸುಮ್ನೆ ಬರುತ್ತದೆಯೇ? ಕಾವೇರಿಯಿಂದ ಪಂಪ್ ಮಾಡಿ, ಕರೆಂಟು ಸುಟ್ಟು ಮೈಸೂರಿಗೆ ಏರಿಸಿದ್ದು. ಮೇಲಿಂದ ಬೀಳುವುದನ್ನೋ ಮೋರಿಗೆ ಬಿಡುತ್ತೇವೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಬೀಳುತ್ತದೆ. 1,000 ಚದರ ಮೀಟರಿನ ಒಂದು ಕಟ್ಟಡಕ್ಕೇ ಎಂಟು ಲಕ್ಷ ಲೀಟರ್ ಆಯಿತಲ್ವಾ!

ಈ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಕುವೆಂಪು ಹೆಸರಿಟ್ಟರು. ಗಂಗೋತ್ರಿ ಅಂದರೆ ಗಂಗೆ ಹುಟ್ಟುವ ಜಾಗ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. ಬೆಳಗ್ಗೆ ವಾಕಿಂಗ್ ಹೋದರೆ ಹೆಜ್ಜಾರ್ಲೆ ಕೊಕ್ಕು ಮುಳುಗಿಸಿ ಮೀನು ಬಾಚುವುದು ಕಾಣುತ್ತದೆ. ಅದರ ಸುತ್ತಲ ನೆಲಕ್ಕೆ ನಾವು ಏನು ಸುರಿದರೂ ಮಳೆಗಾಲದಲ್ಲಿ ಅದು ಹರಿಯುವುದು ತಗ್ಗಿನಲ್ಲಿರುವ ಆ ಕೆರೆಗೇ.

ಸೋಲಾರ್, ಸೈಕಲ್ ಎಲ್ಲವೂ ಬೇಕು, ಒಪ್ಪುತ್ತೇನೆ. ಅದಕ್ಕೆ ಟೆಂಡರ್ ಕರೆಯಬೇಕು, ದುಡ್ಡು ಬರಬೇಕು. ಗುಂಡಿಗೆ ಒಂದು ಗುದ್ದಲಿ ಸಾಕು. ಟೀ ಕುಡಿದಾದ ಮೇಲೆ ನಿಮ್ಮ ಹಾಸ್ಟೆಲ್ ಹಿಂದೆ ಒಂದು ಸುತ್ತು ಹೋಗೋಣ. ಸ್ವಲ್ಪ ನೆರಳಿದ್ದು ನಲ್ಲಿ ಹತ್ತಿರವಿರುವ ಜಾಗ ಹುಡುಕಬೇಕು. ಗುಡಿಸುವ ಅಕ್ಕಂದಿರನ್ನೂ ಕರೆಯಿರಿ, ಎಲೆ ಎಲ್ಲಿ ಜಾಸ್ತಿ ಬೀಳುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು.