ಲೆಕ್ಕಕ್ಕುಂಟು, ಆಟಕ್ಕಿಲ್ಲ

ಕೇಳುಗರಿಗೆ ನಮಸ್ಕಾರ.

ನಾವು ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡುತ್ತಿದ್ದರೆ ಯಾರದಾದರೂ ಪುಟ್ಟ ತಮ್ಮ ಬಂದು, ನಾನೂ ಬರ್ತೀನಿ ಅಂತ ಹಟ ಹಿಡಿಯುತ್ತಿದ್ದ. ಅಳಿಸುವುದು ಯಾಕೆ ಅಂತ ಸೇರಿಸಿಕೊಳ್ಳುತ್ತಿದ್ದೆವು. ಆದರೆ ಅವನು 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಎಷ್ಟು ಬೇಕಾದರೂ ಕುಣಿಯಬಹುದು, ಔಟಾದರೂ ಔಟಲ್ಲ. 2020ರಲ್ಲಿ ಅಮೆರಿಕದಲ್ಲಿದ್ದಾಗ ಈ ಮಾತು ನನಗೆ ತಲೆಕೆಳಗಾಗಿ ನೆನಪಾಯಿತು. ಅಲ್ಲಿ ನನ್ನ ಮೊಮ್ಮಗಳು ಲೆಕ್ಕಕ್ಕಿದ್ದಳು, ಆಟಕ್ಕಿರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದಲ್ಲಿರುವ ಮಗಳ ಮನೆಗೆ ಹೋದೆ. ಮೂರು ತಿಂಗಳಿದ್ದು ಬರೋಣ ಅಂತ ಚಟ್ನಿಪುಡಿಯನ್ನೂ ಅಷ್ಟಕ್ಕೇ ಅಳೆದು ಒಯ್ದಿದ್ದೆ. ಮಾರ್ಚಿನಲ್ಲಿ ವಿಮಾನಗಳು ನಿಂತವು. ನಾನು ವಾಪಸ್ ತುಮಕೂರು ಮುಟ್ಟಿದ್ದು ನವೆಂಬರಿನಲ್ಲಿ.

ಮೊಮ್ಮಗಳು ಹೈಸ್ಕೂಲಿನ ಫುಟ್‌ಬಾಲ್ ತಂಡಕ್ಕೆ ಚಿಯರ್‌ಲೀಡರ್, ಅಂದರೆ ಮೈದಾನದ ಬದಿಯಲ್ಲಿ ನಿಂತು ಕೂಗಿ ಕುಣಿದು ತಂಡವನ್ನು ಹುರಿದುಂಬಿಸುವವಳು. ಈ ಸುದ್ದಿ ಮೊದಲು ಕೇಳಿದಾಗ ನನಗೇನೂ ಖುಷಿಯಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಮಗೆ ಚಿಯರ್‌ಲೀಡರ್ ಅಂದರೆ ಐಪಿಎಲ್. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ನಡೆಯಿತಲ್ಲ, ಮೆಕಲಮ್ 158 ಹೊಡೆದದ್ದು. ಆ ಸಲ ಬೆಂಗಳೂರು ತಂಡದ ಪರ ಕುಣಿಯಲು ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡವೊಂದರ ಚಿಯರ್‌ಲೀಡರ್‌ಗಳೇ ಬಂದಿದ್ದರು. ನಮ್ಮ ಮನೆಯಲ್ಲಿ ದೊಡ್ಡವರು ಟಿವಿ ಆರಿಸಿ ಅಂದರು, ಚಿಕ್ಕವರು ಆರಿಸಲಿಲ್ಲ. ನಾನು ದೊಡ್ಡವರ ಕಡೆ ಇದ್ದೆ.

'ಅಜ್ಜಿ, ಇದನ್ನ ಶುರು ಮಾಡಿದ್ದೇ ಹುಡುಗರು' ಅಂದಳು ಮೊಮ್ಮಗಳು. ನಿಜವೇ. 1898ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಸೋತು ಸೋತು ಸುಣ್ಣವಾಗಿತ್ತು. ಆಗ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಎದ್ದು ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತು, ಅವರಿಂದ ಒಟ್ಟಿಗೆ ಕೂಗು ಹಾಕಿಸಿದ. ಅವತ್ತು ತಂಡ ಗೆದ್ದಿತು. ಹುಡುಗಿಯರು ಸೇರಿದ್ದು 1920ರ ದಶಕದಲ್ಲಿ.

ಶಾಲೆಯ ಚಿಯರ್ ಅಂದರೆ ಸುಮ್ನೆ ಕುಣಿತ ಅಲ್ಲ ಅಂತ ನನಗೆ ಗೊತ್ತಾಗಿದ್ದು ಗ್ಯಾರೇಜಿನಲ್ಲಿ. ಅವಳು ಅಲ್ಲೇ ಅಭ್ಯಾಸ ಮಾಡುತ್ತಿದ್ದಳು. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಚೆಂಡು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಕೂಗು ಬದಲಾಗಬೇಕು. ಎದುರಾಳಿ ಕೈಯಲ್ಲಿದ್ದರೆ ಒಂದು, ನಮ್ಮವರ ಕೈಯಲ್ಲಿದ್ದರೆ ಇನ್ನೊಂದು. ಆಟಗಾರ ಯಾರಾದರೂ ಪೆಟ್ಟಾಗಿ ಬಿದ್ದರೆ ಎಲ್ಲರೂ ಒಂದು ಮಂಡಿಯೂರಿ ಸುಮ್ಮನಾಗಬೇಕು. ಎತ್ತುವ ಕಸರತ್ತಿನಲ್ಲಿ ಕೆಳಗೆ ಇಬ್ಬರು, ಹಿಂದೆ ಒಬ್ಬಳು, ಮೇಲೆ ಒಬ್ಬಳು. ನಮ್ಮವಳು ಕೆಳಗಿನವಳು. ಫೋಟೋದಲ್ಲಿ ಮೇಲಿನವಳ ಮುಖ ಕಾಣುತ್ತದೆ, ಇವಳ ಭುಜ ಕಾಣುತ್ತದೆ.

ಆದರೂ ಇದು ಆಟವೋ ಅಲ್ಲವೋ ಅನ್ನುವ ಜಗಳ ಅಲ್ಲಿ ಹಳೆಯದು. 2010ರಲ್ಲಿ ಕನೆಕ್ಟಿಕಟ್‌ನ ಫೆಡರಲ್ ನ್ಯಾಯಾಲಯವೊಂದು, ಸ್ಪರ್ಧೆಯ ಚಿಯರ್ ಅನ್ನೂ, ಅಂದರೆ ಚಿಯರ್ ತಂಡಗಳೇ ಒಂದರೆದುರು ಒಂದು ಸ್ಪರ್ಧಿಸುವುದನ್ನೂ, ಕಾಲೇಜಿನ ಕ್ರೀಡೆ ಅಂತ ಲೆಕ್ಕ ಹಿಡಿಯುವಂತಿಲ್ಲ ಅಂದಿತ್ತು. ಈ ಗೊಂದಲವೇ ಕೊರೊನಾ ಕಾಲದಲ್ಲಿ ಬಂದು ಕಾಲಿಗೆ ತೊಡರಿಕೊಂಡಿತು.

ಆಗಸ್ಟ್ 6ರಂದು ರಾಜ್ಯಪಾಲ ಟಾಮ್ ವುಲ್ಫ್, ಮುಂದಿನ ಜನವರಿವರೆಗೆ ಶಾಲೆಗಳಲ್ಲಿ ಆಟ ಬೇಡ ಅಂತ ಸಲಹೆ ಕೊಟ್ಟರು. ಅಲ್ಲಿ ರಾಜ್ಯಪಾಲ ಅಂದರೆ ಚುನಾಯಿತ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಎರಡು ವಾರ ಬಿಟ್ಟು ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ, ಆಡಿಯೇ ಆಡುತ್ತೇವೆ ಅಂತ ತೀರ್ಮಾನ ಮಾಡಿತು. ಆದರೆ ಬಯಲಿನಲ್ಲಿ 250 ಜನಕ್ಕಿಂತ ಜಾಸ್ತಿ ಸೇರುವ ಹಾಗಿಲ್ಲ.

250 ಜಾಸ್ತಿ ಅನ್ನಿಸುತ್ತದೆ, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಮೊಮ್ಮಗಳು ಕರೆಂಟ್ ಬಿಲ್ ಬಂದ ಲಕೋಟೆಯ ಹಿಂದೆ ಲೆಕ್ಕ ಬರೆದಳು. ಎರಡು ತಂಡದ ಆಟಗಾರರು ತೊಂಬತ್ತು. ಕೋಚ್‌ಗಳು ಇಪ್ಪತ್ತು. ಅಂಪೈರ್‌ಗಳು ಐದು. ಗೆರೆ ಅಳೆಯುವವರು, ಆಂಬುಲೆನ್ಸಿನವರು, ಮೈಕಿನವರು, ಗೇಟಿನವರು. ಶಾಲೆಯ ಬ್ಯಾಂಡ್ ಎಪ್ಪತ್ತು. ಉಳಿದದ್ದು ಐವತ್ತು ಚಿಲ್ಲರೆ. ಅದರಲ್ಲಿ ಕೊನೆಯ ವರ್ಷದ ಆಟಗಾರರ ಅಪ್ಪ ಅಮ್ಮಂದಿರಿಗೆ ಜಾಗ ಬೇಕು. ಹದಿನಾರು ಜನ ಚಿಯರ್‌ಲೀಡರ್‌ಗಳು ಯಾವ ಸಾಲಿನಲ್ಲಿ? ಆಟಗಾರರ ಸಾಲಿನಲ್ಲಿ ಅವರ ಹೆಸರಿಲ್ಲ. ಪ್ರೇಕ್ಷಕರು ಅನ್ನೋಣ ಅಂದರೆ, ಅವರು ಆಟಕ್ಕೆ ಬೆನ್ನು ಹಾಕಿ ನಿಲ್ಲುವವರು. ಕೊನೆಗೆ ಶಾಲೆಯವರು ಅವರನ್ನು ಹದಿನಾರು ತಲೆ ಅಂತ ಎಣಿಸಿದರು, ಅಷ್ಟೂ ತಲೆಗಳನ್ನು ಹೊಡೆದು ಹಾಕಿದರು.

ಮೊದಲ ಎರಡು ಪಂದ್ಯಗಳನ್ನು ನಾವು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆವು. ಮೊಮ್ಮಗಳು ಸಮವಸ್ತ್ರ ಹಾಕಿಕೊಂಡೇ ಕೂತಿದ್ದಳು. ಇಪ್ಪತ್ತೆರಡು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದಾರೆ. ಆರು ಅಡಿ ದೂರದಲ್ಲಿ ನಿಂತು ಕೂಗುವ ಹುಡುಗಿಯರು ಅಪಾಯ ಅಂತ ಮನೆಯಲ್ಲಿದ್ದಾರೆ. ನನಗೆ ಇದು ಅರ್ಥವಾಗಲಿಲ್ಲ.

ಹಾಗಂತ ಹೆದರಿದವರನ್ನು ನಾನು ಬೈಯುವುದಿಲ್ಲ. ಕೂಗಿನ ಭಯಕ್ಕೆ ಕಾರಣ ಇತ್ತು. ಅದೇ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಎಂಬಲ್ಲಿ ಒಂದು ಗಾಯನ ತಂಡದ 61 ಜನ ಎರಡೂವರೆ ಗಂಟೆ ಒಟ್ಟಿಗೆ ಅಭ್ಯಾಸ ಮಾಡಿದ್ದರು. ರೋಗದ ಲಕ್ಷಣ ಇದ್ದವರು ಒಬ್ಬರೇ. ಅವರನ್ನೂ ಸೇರಿಸಿ ಕಾಯಿಲೆ ಬಿದ್ದವರು 53 ಜನ ಅಂತ ಆರೋಗ್ಯ ಇಲಾಖೆಯವರು ಗುರುತಿಸಿದರು. ಇಬ್ಬರು ತೀರಿಕೊಂಡರು. ಬಾಯಿ ಬಿಟ್ಟು ಹಾಡಿದರೆ, ಕೂಗಿದರೆ ಉಗುಳಿನ ಹನಿ ಜಾಸ್ತಿ ಹಾರುತ್ತದೆ ಅನ್ನುವುದು ಅಲ್ಲಿಂದ ಎಲ್ಲರ ತಲೆಯಲ್ಲಿ ಕೂತಿತು. ಎತ್ತುವ ಕಸರತ್ತಿನಲ್ಲಂತೂ ಮುಖಕ್ಕೆ ಮುಖ ತಾಗುತ್ತದೆ. ದೇಶದ ಹೈಸ್ಕೂಲು ಕ್ರೀಡೆಗಳ ಒಕ್ಕೂಟ ಸ್ಪರ್ಧೆಯ ಚಿಯರ್ ಅನ್ನು ಕುಸ್ತಿ, ಫುಟ್‌ಬಾಲ್ ಜೊತೆ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತ್ತು. ಸರಿ, ಒಪ್ಪೋಣ. ಆದರೆ ಆ ಹಾಡುಗಾರರು ಕೂತಿದ್ದು ಮುಚ್ಚಿದ ಹಾಲಿನಲ್ಲಿ, ಅಕ್ಕಪಕ್ಕದ ಕುರ್ಚಿಗಳಲ್ಲಿ. ಇವರು ನಿಲ್ಲುವುದು ಆಕಾಶದ ಕೆಳಗೆ. ಎತ್ತುವುದನ್ನು ಬಿಡಿ, ಮಾಸ್ಕ್ ಹಾಕಿ, ದೂರ ದೂರ ನಿಲ್ಲಿಸಿ. ಜಾಗ ಕಡಿಮೆ ಬಿದ್ದರೆ ಅಪ್ಪ ಅಮ್ಮಂದಿರು ಮನೆಯಲ್ಲಿ ಕೂರಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಮೈದಾನ ಮಕ್ಕಳದು, ದೊಡ್ಡವರಿಗೆ ಅಲ್ಲಿ ಜಾಗ ಕೊನೆಗೆ.

ಆ ಹೊತ್ತಿಗೆ ನನ್ನ ಅಳಿಯ ಫೋನಿನಲ್ಲಿ ಐಪಿಎಲ್ ನೋಡುತ್ತಿದ್ದ. ಸೆಪ್ಟೆಂಬರ್ 19ಕ್ಕೆ ಅಬುಧಾಬಿಯಲ್ಲಿ ಶುರುವಾಗಿತ್ತು. ಸ್ಟ್ಯಾಂಡುಗಳೆಲ್ಲ ಖಾಲಿ, ಆದರೆ ಸಿಕ್ಸರ್ ಹೊಡೆದರೆ ಹೋ ಅಂತ ಸದ್ದು. ರೆಕಾರ್ಡ್ ಮಾಡಿಟ್ಟ ಸದ್ದು. ಮೊಮ್ಮಗಳು ಒಂದು ಓವರ್ ಕೇಳಿಸಿಕೊಂಡು, 'ಇವರು ತಪ್ಪು ಜಾಗದಲ್ಲಿ ಕೂಗ್ತಿದ್ದಾರೆ' ಅಂದು ಎದ್ದು ಹೋದಳು.

ಇನ್ನು ನಿಯಮಗಳ ಕತೆ. ಸೆಪ್ಟೆಂಬರ್ 14ರಂದು ಫೆಡರಲ್ ನ್ಯಾಯಾಧೀಶರೊಬ್ಬರು 250ರ ಮಿತಿಯೇ ಸಂವಿಧಾನಕ್ಕೆ ವಿರುದ್ಧ ಅಂದರು. ಅಕ್ಟೋಬರ್ 1ಕ್ಕೆ ಮೇಲಿನ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಅದಾಗಿ ಐದು ದಿನಕ್ಕೆ ರಾಜ್ಯಪಾಲರೇ ಮಿತಿ ಸಡಿಲಿಸಿ, ಮೈದಾನ ಎಷ್ಟು ಜನರನ್ನು ಹಿಡಿಸುತ್ತದೋ ಅದರ ಮೇಲೆ ಲೆಕ್ಕ ಅಂದರು. 2,000ದಿಂದ 10,000 ಜನ ಹಿಡಿಸುವ ಬಯಲಿಗೆ ಶೇಕಡಾ 20. ಈ ಶೇಕಡಾ 20ರಲ್ಲಿ ನಮ್ಮ ಹದಿನಾರು ಹುಡುಗಿಯರಿಗೂ ಜಾಗ ಸಿಕ್ಕಿತು. ಊರಿನ ಮೈದಾನದಲ್ಲಿ ಮಾತ್ರ. ಬೇರೆ ಊರಿಗೆ ಹೋಗುವ ಹಾಗಿಲ್ಲ.

ಆ ಶುಕ್ರವಾರ ನನಗೆ ಟಿಕೆಟ್ ಇರಲಿಲ್ಲ. ತಂತಿ ಬೇಲಿಯ ಆಚೆ ಕಾರು ನಿಲ್ಲಿಸುವ ಜಾಗದಲ್ಲಿ, ಸ್ವೆಟರ್ ಮೇಲೆ ಶಾಲು ಹೊದ್ದು ನಿಂತೆ. ಬೇಲಿಯ ಹೊರಗಿರುವವರು ಯಾರ ಲೆಕ್ಕಕ್ಕೂ ಇಲ್ಲ ನೋಡಿ. ಹುಲ್ಲಿನ ಮೇಲೆ ಆರಾರು ಅಡಿಗೆ ಒಂದೊಂದು ಬಿಳಿ ಚುಕ್ಕಿ, ರಂಗೋಲಿ ಇಡಲು ಶುರು ಮಾಡಿ ಮರೆತ ಹಾಗೆ. ಚುಕ್ಕಿಗೊಬ್ಬಳು. ಎತ್ತುವುದಿಲ್ಲ, ಕೈ ಹಿಡಿಯುವುದಿಲ್ಲ. ಕೈಯಲ್ಲಿ ಅಲ್ಲಾಡಿಸುವ ಕುಚ್ಚು, ಪಾಂಪಾಂ, ಅವರವರದೇ. ಎಲ್ಲರ ಮುಖಕ್ಕೂ ಶಾಲೆಯ ಬಣ್ಣದ ಮಾಸ್ಕ್.

ಮೊದಲ ಹತ್ತು ನಿಮಿಷ ಏನು ಕೂಗುತ್ತಿದ್ದಾರೆ ಅಂತ ಒಂದಕ್ಷರ ತಿಳಿಯಲಿಲ್ಲ. ಮಾಸ್ಕಿನೊಳಗೆ ಮಾತು ಗಂಜಿಯಾಗುತ್ತಿತ್ತು. ಆಮೇಲೆ ಅವರೇ ಉಪಾಯ ಹುಡುಕಿಕೊಂಡರು. ಪದ ಕಡಿಮೆ ಮಾಡಿ ಚಪ್ಪಾಳೆಗೆ ಇಳಿದರು. ಎರಡು ಚಪ್ಪಾಳೆ, ಒಂದು ಕಾಲು, ಮತ್ತೆ ಎರಡು ಚಪ್ಪಾಳೆ. ದೂರ ದೂರ ಕೂತಿದ್ದ ಜನ ಅಲ್ಯೂಮಿನಿಯಂ ಮೆಟ್ಟಿಲನ್ನು ಕಾಲಲ್ಲಿ ಕುಟ್ಟತೊಡಗಿದರು. ಬೇಲಿಯ ತಂತಿ ನನ್ನ ಬೆರಳಿನಲ್ಲಿ ನಡುಗಿತು. ಎದುರಾಳಿಗಳ ಕಡೆ ಚುಕ್ಕಿಯೂ ಇಲ್ಲ, ಹುಡುಗಿಯರೂ ಇಲ್ಲ. ಅವರ ಹುಡುಗ ಚೆಂಡು ಹಿಡಿದು ಗೆರೆ ದಾಟಿದಾಗ ಅವನ ಜೊತೆಗಾರರ ಹೆಲ್ಮೆಟ್ ತಾಗುವ ಸದ್ದಷ್ಟೇ ಕೇಳಿಸಿತು.

ಮಾರನೆಯ ದಿನ ಮೊಮ್ಮಗಳ ಗಂಟಲು ಕಟ್ಟಿತು. ಮೆಣಸಿನ ಕಷಾಯ ಮಾಡಿಕೊಟ್ಟೆ. ಸೋಮವಾರಕ್ಕೂ ಸರಿ ಹೋಗಲಿಲ್ಲ. ಶಾಲೆಗೆ ದಿನಾ ಬೆಳಗ್ಗೆ ಫೋನಿನಲ್ಲಿ ಒಂದು ಫಾರಂ ತುಂಬಬೇಕಿತ್ತು: ಜ್ವರ ಇದೆಯೇ, ಕೆಮ್ಮು ಇದೆಯೇ, ಗಂಟಲು ನೋವಿದೆಯೇ. ಕೂಗಿ ಬಂದ ನೋವು ಅಂತ ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಮಗಳು ಪ್ರಾಮಾಣಿಕವಾಗಿ 'ಹೌದು' ಒತ್ತಿದಳು. ಪರೀಕ್ಷೆ ಮಾಡಿಸಿ, ಅಲ್ಲಿವರೆಗೆ ಮನೆಯಲ್ಲೇ ಇರಿ ಅಂತ ಉತ್ತರ ಬಂತು. ನಾಲ್ಕು ದಿನ ಕೋಣೆಯ ಬಾಗಿಲಿನ ಹೊರಗೆ ತಟ್ಟೆ ಇಟ್ಟು ಬರುತ್ತಿದ್ದೆ. ಒಳಗಿನಿಂದ ಮೆಲ್ಲಗೆ ಕೇಳಿಸುತ್ತಿತ್ತು. ಎರಡು ಚಪ್ಪಾಳೆ, ಒಂದು ಕಾಲು.

ಗುರುವಾರ ರಾತ್ರಿ ನೆಗೆಟಿವ್ ಅಂತ ಬಂತು.

ನಮಸ್ಕಾರ.